ಕೆರೆ ಮತ್ತು ಕಿರೀಟ

ಮೊನ್ನೆ ನಾನೊಂದು ಕರಪತ್ರ ಬರೆದೆ. ನನ್ನ ತಂಗಿ ಓದುವ ಕಾಲೇಜಿನಲ್ಲಿ ವಾರ್ಷಿಕೋತ್ಸವಕ್ಕೆ 'ಮಿಸ್ ಕಾಲೇಜು' ಅಂತ ಸುಂದರಿ ಸ್ಪರ್ಧೆ ಇಟ್ಟಿದ್ದಾರೆ. 'ಹೆಣ್ಣನ್ನು ಸಂತೆಯ ಸರಕು ಮಾಡುವ ಸ್ಪರ್ಧೆಗೆ ಧಿಕ್ಕಾರ' ಎಂದು ಶುರುವಾಗುವ ಕರಪತ್ರ ಅದು. ಬಂಡವಾಳಶಾಹಿ, ಪುರುಷಶಾಹಿ, ಕೊಳ್ಳುಬಾಕ ಸಂಸ್ಕೃತಿ ಎಲ್ಲವೂ ಅದರಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಬರೆದು ಮುಗಿಸಿದಾಗ ಒಳ್ಳೆಯ ಕೆಲಸ ಮಾಡಿದ ಹೆಮ್ಮೆಯೂ ಇತ್ತು. ಅಚ್ಚಿಗೆ ಕೊಡುವ ಮುಂಚೆ ತಂಗಿಯ ಕೈಗೆ ಕೊಟ್ಟೆ. ಅವ್ವನ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ಕೈ ಒರೆಸಿಕೊಂಡು ಪೂರ್ತಿ ಓದಿದಳು. ಮಡಚಿ ವಾಪಸು ಕೊಟ್ಟು ಅಂದಳು:

'ಬ್ಯಾಡ ಅನ್ಬೇಕಾದ್ರೆ ಮೊದ್ಲು ಯಾರಾದ್ರೂ ಬಾ ಅಂದಿರ್ಬೇಕು ಕಣಣ್ಣ. ನನ್ನ ಯಾರು ಕರೆದಿದ್ರು?'

ಆಮೇಲೆ ವಿಷಯ ಹೊರಬಂತು. ಹೋದ ವರ್ಷ ಇದೇ ಸ್ಪರ್ಧೆಗೆ ಹೆಸರು ಕೊಡಲು ಹೋಗಿದ್ದಳಂತೆ. ಪಟ್ಟಿ ಹಿಡಿದು ಕೂತಿದ್ದವರು ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, 'ನೀನು ಪ್ರಾರ್ಥನೆ ಹಾಡಮ್ಮ, ನಿನ್ನ ಕಂಠ ಚೆನ್ನಾಗಿದೆ' ಅಂದರಂತೆ. ಬೈಯಲಿಲ್ಲ, ಜಾತಿ ಎತ್ತಲಿಲ್ಲ, ಕಪ್ಪು ಎನ್ನಲಿಲ್ಲ. ಹೊಗಳಿಯೇ ಕಳಿಸಿದರು. ಅವಳು ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಂತು ಹಾಡಿ ಮನೆಗೆ ಬಂದಳು. ಒಂದು ವರ್ಷ ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ.

ಗೆಳೆಯರೆ, ನನ್ನ ಕರಪತ್ರದ ಮಾತುಗಳು ನಿಜ ಎಂದು ನಾನು ಈಗಲೂ ನಂಬುತ್ತೇನೆ. ಆದರೆ ತಂಗಿಯ ಮಾತು ಸುಳ್ಳು ಎನ್ನಲು ನನ್ನಿಂದ ಆಗುತ್ತಿಲ್ಲ. ಒಂದು ಕೆಟ್ಟ ತಕ್ಕಡಿ ಇದೆ. ಅದು ನಮ್ಮನ್ನು ತೂಗುವುದಕ್ಕೂ ಒಪ್ಪಲಿಲ್ಲ. ಈಗ ನಾವು ಏನು ಕೇಳಬೇಕು? ನಮ್ಮನ್ನೂ ತೂಗಿ ಎಂದೋ, ತಕ್ಕಡಿಯನ್ನೇ ಮುರಿಯಿರಿ ಎಂದೋ? ಇದು ಸೌಂದರ್ಯ ಸ್ಪರ್ಧೆಯೊಂದರ ಪ್ರಶ್ನೆ ಮಾತ್ರ ಆಗಿದ್ದರೆ ಇಷ್ಟು ಕಾಗದ ಹಾಳು ಮಾಡುತ್ತಿರಲಿಲ್ಲ. ಜನಿವಾರ ಕಿತ್ತೆಸೆದವನನ್ನು ನಾವು ಕ್ರಾಂತಿಕಾರಿ ಎಂದು ಸಭೆಗಳಲ್ಲಿ ಹೊಗಳುತ್ತೇವೆ, ಹೊಗಳಲಿ, ತಪ್ಪಿಲ್ಲ. ಆದರೆ ಮೈಮೇಲೆ ಜನಿವಾರವೇ ಇಲ್ಲದೆ ಹುಟ್ಟಿದವನು ಏನನ್ನು ಕಿತ್ತೆಸೆದು ದೊಡ್ಡವನಾಗಬೇಕು?

ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಅಮೆರಿಕದವರೆಗೆ ಹೋದೆ. ವಿಮಾನದಲ್ಲಲ್ಲ, ಓದಿನಲ್ಲಿ. ಅಲ್ಲಿಗೇ ಯಾಕೆ ಅಂದರೆ, ನಮ್ಮ ಕಾಲೇಜುಗಳ ಈ 'ಮಿಸ್' ಎಂಬ ಬಿರುದು, ಹೆಗಲ ಮೇಲಿನ ಪಟ್ಟಿ, ಕಣ್ಣೀರಿಡುತ್ತಾ ಕಿರೀಟ ತೊಡಿಸಿಕೊಳ್ಳುವ ಶಾಸ್ತ್ರ ಇವೆಲ್ಲದರ ಮೂಲ ಹುಡುಕಿದರೆ ದಾರಿ ಹೋಗಿ ಸೇರುವುದು ಅಲ್ಲಿಯ 'ಮಿಸ್ ಅಮೆರಿಕ' ಎಂಬ ರಾಷ್ಟ್ರೀಯ ಸ್ಪರ್ಧೆಗೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿಯ ಕಪ್ಪು ಜನರ ಜೊತೆ ನಮಗೆ ಹಳೆಯ ನಂಟಿದೆ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡುಬೋಯಿಸರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ತಂದು ದಲಿತ ಪ್ಯಾಂಥರ್ಸ್ ಕಟ್ಟಿದರು. ಅವರು ಬಿದ್ದ ಗುಂಡಿ ಯಾವುದು, ಹತ್ತಿದ ಮೆಟ್ಟಿಲು ಯಾವುದು ಎಂದು ನೋಡುವುದು ನಮಗೆ ಪರರ ಮನೆಯ ಸುದ್ದಿಯೇನಲ್ಲ.

ಈ ಸ್ಪರ್ಧೆ ಹುಟ್ಟಿದ್ದು 1921ರಲ್ಲಿ, ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿ ಎಂಬ ಕಡಲದಂಡೆಯ ಊರಿನಲ್ಲಿ. ಹುಟ್ಟಿಸಿದವರು ಕವಿಗಳೂ ಅಲ್ಲ, ಕಲಾವಿದರೂ ಅಲ್ಲ, ಹೋಟೆಲಿನವರು ಮತ್ತು ವ್ಯಾಪಾರಸ್ಥರು. ಸೆಪ್ಟೆಂಬರಿನ ಮೊದಲ ಸೋಮವಾರ ಅಲ್ಲಿ ಕಾರ್ಮಿಕ ದಿನದ ರಜೆ. ಅದು ಮುಗಿದರೆ ಬೇಸಿಗೆಯ ಪ್ರವಾಸಿಗರು ಗಂಟುಮೂಟೆ ಕಟ್ಟಿ ಊರಿಗೆ ಹೊರಡುತ್ತಿದ್ದರು. ಇನ್ನೊಂದಷ್ಟು ದಿನ ಅವರನ್ನು ಹಿಡಿದಿಡಬೇಕು, ಕೋಣೆಗಳು ಖಾಲಿ ಬೀಳಬಾರದು. ಅದಕ್ಕೆ ಸಿಕ್ಕ ಉಪಾಯ ಈಜುಡುಗೆಯ ಹುಡುಗಿಯರ ಮೆರವಣಿಗೆ! ಮೊದಲ ವರ್ಷ ಗೆದ್ದವಳು ವಾಷಿಂಗ್ಟನ್ನಿನ ಮಾರ್ಗರೆಟ್ ಗಾರ್ಮನ್. ವಯಸ್ಸು 16, ಎತ್ತರ 5 ಅಡಿ 1 ಅಂಗುಲ, ತೂಕ 108 ಪೌಂಡು. ನೂರು ವರ್ಷದ ಮೇಲೂ ನಮಗೆ ಅವಳ ತೂಕ ಗೊತ್ತಿದೆ ನೋಡಿ. ಅವಳು ಏನು ಯೋಚಿಸುತ್ತಿದ್ದಳು ಎಂಬುದನ್ನು ಯಾರೂ ಅಷ್ಟು ಜೋಪಾನವಾಗಿ ಬರೆದಿಟ್ಟಂತಿಲ್ಲ.

ನಮ್ಮ ತಾತ ದನದ ಜಾತ್ರೆಗಳಲ್ಲಿ ದಲ್ಲಾಳಿಗಳ ಹಿಂದೆ ಹಗ್ಗ ಹಿಡಿದು ತಿರುಗಿದವನು. ಹೋರಿಯ ಹಲ್ಲು ಎಣಿಸುವುದು, ಸುಳಿ ನೋಡುವುದು, ನಡೆಸಿ ನೋಡುವುದು, ಆಮೇಲೆ ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು, ಇದನ್ನೆಲ್ಲ ಅವನು ಕಥೆಯಂತೆ ಹೇಳುತ್ತಿದ್ದ. ದರ ಏನು ಅಂತ ಟವಲಿನ ಕೆಳಗಿನ ಎರಡು ಕೈಗಳಿಗೆ ಮಾತ್ರ ಗೊತ್ತು. ಹೋರಿಗೆ ಗೊತ್ತಿಲ್ಲ. ಮಿಸ್ ಅಮೆರಿಕದ ಕಥೆ ಓದುವಾಗ ನನಗೆ ಮತ್ತೆ ಮತ್ತೆ ಆ ಟವಲೇ ನೆನಪಾಯಿತು.

ಅಲ್ಲೊಂದು ಸುಳಿ ಇತ್ತು. ಅದರ ಹೆಸರು ಏಳನೆಯ ನಿಯಮ. 1935ರಲ್ಲಿ ಲೆನೋರಾ ಸ್ಲಾಟರ್ ಎಂಬ ಮಹಿಳೆ ಈ ಸ್ಪರ್ಧೆಯ ಕೆಲಸಕ್ಕೆ ಬಂದಳು. 1967ರವರೆಗೆ ಅದರ ಸೂತ್ರ ಅವಳ ಕೈಯಲ್ಲಿತ್ತು. ಸಂತೆಯ ಆಟದಂತಿದ್ದ ಸ್ಪರ್ಧೆಗೆ ಮರ್ಯಾದಸ್ಥ ರೂಪ ಕೊಟ್ಟವಳು ಅವಳೇ. ಹಾಡು, ನೃತ್ಯ, ವಾದನದ ಸುತ್ತು ಬಂತು. ಹುಡುಗಿಯರ ಜೊತೆ ಕಾವಲಿಗೆ ಹಿರಿಯ ಹೆಂಗಸರು ಬಂದರು. ಇದೇ ಮರ್ಯಾದೆಯ ಕಾಲದಲ್ಲಿ ಸ್ಪರ್ಧಿಯು ಆರೋಗ್ಯವಂತಳೂ ಬಿಳಿ ಜನಾಂಗದವಳೂ ಆಗಿರತಕ್ಕದ್ದು ಎಂದು ಬರಹದಲ್ಲೇ ಹಾಕಿದರು. ಹುಡುಗಿಯರು ತಮ್ಮ ವಂಶದ ಬೇರು ಎಲ್ಲಿಯದು ಎಂದು ಒಂದು ನಮೂನೆ ತುಂಬಿ ಕೊಡಬೇಕಿತ್ತು. ಮುತ್ತಜ್ಜ ಯಾರು, ಮುತ್ತಜ್ಜಿ ಯಾರು? ಗೋತ್ರ ಕೇಳುವವರು ನಮ್ಮಲ್ಲಿ ಮಾತ್ರ ಇದ್ದಾರೆ ಎಂದುಕೊಂಡಿದ್ದೆ! ಹಾಗಾದರೆ ಕಪ್ಪು ಜನ ಆ ವೇದಿಕೆಗೆ ಬಂದೇ ಇರಲಿಲ್ಲವೇ? ಬಂದಿದ್ದರು. 1923ರಲ್ಲಿ, ಒಂದು ನೃತ್ಯರೂಪಕದಲ್ಲಿ, ಗುಲಾಮರ ಪಾತ್ರ ಮಾಡಲು. ಹಳ್ಳಿ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆಯ ನಾಟಕದಲ್ಲಿ ರಾಮನ ಪಾತ್ರ ಯಾರ ಮನೆ ಹುಡುಗನಿಗೆ, ರಾಕ್ಷಸನ ಪಾತ್ರ ಯಾರ ಮನೆ ಹುಡುಗನಿಗೆ ಎಂದು ಅವರಿಗೆ ಗೊತ್ತಿರುತ್ತದೆ.

ಹೊರಗಿಟ್ಟರೆ ಹೊರಗಿದ್ದವರು ತಮ್ಮ ಪಾಡಿಗೆ ತಾವು ಚೆಂದವಾಗಿ ಇರಬಹುದಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಹೊರಗಿಟ್ಟವನ ಅಳತೆಗೋಲು ಒಳಗೆ ಬಂದು ಕೂರುತ್ತದೆ. 1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮೀ ಕ್ಲಾರ್ಕ್ ಎಂಬ ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ ಪುಟ್ಟ ಮಕ್ಕಳ ಮುಂದೆ ಒಂದು ಬಿಳಿ ಗೊಂಬೆ, ಒಂದು ಕಂದು ಗೊಂಬೆ ಇಟ್ಟು ಕೇಳಿದರು, ಒಳ್ಳೆಯ ಗೊಂಬೆ ಯಾವುದು, ಕೆಟ್ಟದ್ದು ಯಾವುದು, ನಿನ್ನ ಹಾಗಿರುವುದು ಯಾವುದು ಎಂದು. ಕಪ್ಪು ಮಕ್ಕಳಲ್ಲೇ ಹೆಚ್ಚಿನವರು ಒಳ್ಳೆಯದು ಅಂದರೆ ಬಿಳಿ ಗೊಂಬೆಯನ್ನು ತೋರಿಸಿದರು. ಕೊನೆಯ ಪ್ರಶ್ನೆಗೆ ಕೆಲವು ಮಕ್ಕಳು ಅತ್ತುಬಿಟ್ಟವು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ವರ್ಣಭೇದ ತಪ್ಪು ಎಂದು ಹೇಳಿದಾಗ ಕೆನೆತ್ ಕ್ಲಾರ್ಕರ ಅಧ್ಯಯನವನ್ನೂ ಉಲ್ಲೇಖಿಸಿತು. ಚೆಂದದ ಪ್ರಶ್ನೆ ಶೋಕಿಯ ಪ್ರಶ್ನೆ ಎಂದು ನಮ್ಮ ಕೆಲವು ಸಂಗಾತಿಗಳು ಮೂಗು ಮುರಿಯುತ್ತಾರಲ್ಲ, ಅವರು ಈ ಗೊಂಬೆಗಳನ್ನು ಒಮ್ಮೆ ನೆನೆಯಬೇಕು. ಕೂಲಿಯ ಪ್ರಶ್ನೆಯಷ್ಟೇ ಇದೂ ಹೊಟ್ಟೆಯೊಳಗಿನ ಪ್ರಶ್ನೆ.

ಗೆದ್ದವರ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವಳು ಬೆಸ್ ಮೈಯರ್‌ಸನ್. ನ್ಯೂಯಾರ್ಕಿನ ಬ್ರಾಂಕ್ಸಿನವಳು, ಮನೆಗಳಿಗೆ ಬಣ್ಣ ಬಳಿಯುವವನ ಮಗಳು, ಯಹೂದಿ. 1945ರ ಸೆಪ್ಟೆಂಬರಿನಲ್ಲಿ ಅವಳು ಸ್ಪರ್ಧೆಗೆ ನಿಂತಳು. ಯುದ್ಧ ಮುಗಿದು ಕೆಲವೇ ದಿನ, ಯಹೂದಿಗಳನ್ನು ಸುಟ್ಟ ಹಿಟ್ಲರನ ಕ್ಯಾಂಪುಗಳ ಸುದ್ದಿ ಜಗತ್ತಿಗೆಲ್ಲ ಬಂದಿದ್ದ ಹೊತ್ತು. ಆ ವರ್ಷವೇ ಮೊದಲ ಬಾರಿಗೆ ಗೆದ್ದವಳಿಗೆ 5,000 ಡಾಲರ್ ವಿದ್ಯಾರ್ಥಿವೇತನ ಇಟ್ಟಿದ್ದರು. ಅವಳಿಗೆ ಬೇಕಿದ್ದದ್ದು ಅದು. ಮುಂದೆ ಸಂಗೀತ ಓದಬೇಕಿತ್ತು. ಸ್ಲಾಟರ್ ಅವಳನ್ನು ಕರೆದು, ಹೆಸರು ಬದಲಿಸಿಕೋ, 'ಬೆತ್ ಮೆರಿಕ್' ಎಂದಿಟ್ಟುಕೋ, ವೇದಿಕೆಗೆ ಚೆನ್ನಾಗಿರುತ್ತದೆ ಎಂದಳು. ಬೆಸ್ ಒಪ್ಪಲಿಲ್ಲ.

ಪೇಟೆಯಲ್ಲಿ ಬಾಡಿಗೆ ಕೋಣೆ ಹುಡುಕಿದ ನಮ್ಮ ಹುಡುಗರಿಗೆ ಈ ಸಲಹೆಯ ರುಚಿ ಗೊತ್ತು. ಹೆಸರು ಕೇಳುತ್ತಾರೆ. ಹೆಸರಿನಿಂದ ಗೊತ್ತಾಗದಿದ್ದರೆ ಊರು ಕೇಳುತ್ತಾರೆ. ಊರಿನಿಂದಲೂ ಗೊತ್ತಾಗದಿದ್ದರೆ, 'ಊರಲ್ಲಿ ಯಾವ ಬೀದಿ?' ಆಗ ನಾಲಗೆಯ ತುದಿಗೆ ಒಂದು ಸುಳ್ಳು ಬಂದು ನಿಲ್ಲುತ್ತದೆ. ನಾನು ಒಮ್ಮೆ ಆ ಸುಳ್ಳು ಹೇಳಿದ್ದೇನೆ, ಕೋಣೆಯೂ ಸಿಕ್ಕಿತು. ಬೆಸ್ ಹೇಳಲಿಲ್ಲ, ಆದರೂ ಗೆದ್ದಳು. ಗೆದ್ದ ಮೇಲೆ ಏನಾಯಿತು? ಗೆದ್ದವಳ ಚಿತ್ರ ಹಾಕಿ ಸಾಮಾನು ಮಾರುವ ಪ್ರಾಯೋಜಕರು ಅವಳಿಂದ ದೂರ ಸರಿದರು. ಯಹೂದಿಗಳಿಗೆ ಪ್ರವೇಶವಿಲ್ಲದ ಕ್ಲಬ್ಬುಗಳು ಕಿರೀಟ ತೊಟ್ಟವಳಿಗೂ ಬಾಗಿಲು ತೆರೆಯಲಿಲ್ಲ. ಅವಳು ಆ ಪ್ರವಾಸವನ್ನೇ ಬಿಟ್ಟು, ಜನಾಂಗದ್ವೇಷದ ವಿರುದ್ಧ ಶಾಲೆ ಶಾಲೆಗೆ ಹೋಗಿ ಮಾತಾಡಿದಳು. ಕಿರೀಟ ಇಲ್ಲದಿದ್ದರೆ ಆ ಮಾತನ್ನು ಕೇಳಲು ಮಕ್ಕಳನ್ನು ಯಾರೂ ಕೂರಿಸುತ್ತಿರಲಿಲ್ಲ ಎಂಬುದೂ ನಿಜ. ನನ್ನ ಕರಪತ್ರದಲ್ಲಿ ಬೆಸ್ಸಿಗೆ ಜಾಗವಿಲ್ಲ. ಸರಕು ಎನ್ನಲೇ ಅವಳನ್ನು?

1950ರಲ್ಲಿ ಗೆದ್ದ ಅಲಬಾಮಾದ ಯೋಲಾಂಡೆ ಬೆಟ್‌ಬೀಜ್ ಇನ್ನೊಂದು ಜಾತಿಯ ತಕರಾರುಗಾರ್ತಿ. ಕಿರೀಟ ಬಂದ ಮೇಲೆ ಈಜುಡುಗೆ ತೊಟ್ಟು ಮೆರೆಯುವುದಿಲ್ಲ ಎಂದಳು. ಸಿಟ್ಟಾದ ಈಜುಡುಗೆ ಕಂಪನಿ ಹೊರನಡೆದು 1952ರಲ್ಲಿ 'ಮಿಸ್ ಯುಎಸ್ಎ', 'ಮಿಸ್ ಯೂನಿವರ್ಸ್' ಎಂಬ ಬೇರೆ ಅಂಗಡಿಯನ್ನೇ ತೆರೆಯಿತು. ಈಗ ಜಗತ್ತೆಲ್ಲ ಕಣ್ಣು ಮಿಟುಕಿಸದೆ ನೋಡುವ ಭುವನಸುಂದರಿಯ ಸಡಗರ ಹುಟ್ಟಿದ್ದು ಒಬ್ಬ ಹುಡುಗಿಯ 'ಒಲ್ಲೆ'ಯಿಂದ! ಇದೇ ಯೋಲಾಂಡೆ 1960ರಲ್ಲಿ ಕಪ್ಪು ವಿದ್ಯಾರ್ಥಿಗಳ ಹೋರಾಟಕ್ಕೆ ಬೆಂಬಲವಾಗಿ ವುಲ್‌ವರ್ತ್ ಅಂಗಡಿಯ ಮುಂದೆ ಧರಣಿಗೂ ನಿಂತಳು.

ಏಳನೆಯ ನಿಯಮವನ್ನು ಕಿತ್ತುಹಾಕಿದ್ದು 1950ರಲ್ಲಿ. ಇಸವಿ ಗಮನಿಸಿ. ನಮ್ಮ ಸಂವಿಧಾನ ಜಾರಿಗೆ ಬಂದು, ಅದರ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ ವರ್ಷವೂ ಅದೇ. ಕಾಗದದ ಮೇಲಿನ ನಿಯಮ ಹೋದ ಮೇಲೆ ಮೊದಲ ಕಪ್ಪು ಹುಡುಗಿ, ಅಯೋವಾ ರಾಜ್ಯದಿಂದ ಗೆದ್ದ ಶೆರಿಲ್ ಬ್ರೌನ್, ರಾಷ್ಟ್ರೀಯ ವೇದಿಕೆ ಹತ್ತಿದ್ದು 1970ರಲ್ಲಿ. ನಡುವಿನ 20 ವರ್ಷ ಯಾರೂ ಅವರನ್ನು ತಡೆಯಲಿಲ್ಲ. ಯಾರೂ ಕರೆಯಲೂ ಇಲ್ಲ. ಪ್ರಾರ್ಥನೆ ಹಾಡಮ್ಮ ಎಂದಿರಬೇಕು.

ಈಗ ನಾನು ಹೇಳಬೇಕೆಂದಿದ್ದ ದಿನಕ್ಕೆ ಬರುತ್ತೇನೆ. 1968ರ ಸೆಪ್ಟೆಂಬರ್ 7, ಶನಿವಾರ, ಅದೇ ಅಟ್ಲಾಂಟಿಕ್ ಸಿಟಿ. ಮಾರ್ಟಿನ್ ಲೂಥರ್ ಕಿಂಗರನ್ನು ಕೊಂದು ಐದು ತಿಂಗಳಾಗಿತ್ತು. ಅವತ್ತು ಸ್ಪರ್ಧೆಯ ವಿರುದ್ಧ ಒಂದೇ ಊರಿನಲ್ಲಿ ಎರಡು ಪ್ರತಿಭಟನೆಗಳಾದವು. ಎರಡೂ ಸರಿಯಾಗಿದ್ದವು. ಎರಡೂ ಒಂದಕ್ಕೊಂದು ತದ್ವಿರುದ್ಧವಾಗಿದ್ದವು.

ಮೊದಲನೆಯದು ಕಡಲದಂಡೆಯ ಹಲಗೆ ಹಾದಿಯ ಮೇಲೆ. ನ್ಯೂಯಾರ್ಕ್ ರ‍್ಯಾಡಿಕಲ್ ವಿಮೆನ್ ಎಂಬ ಗುಂಪಿನ ನೇತೃತ್ವದಲ್ಲಿ ನೂರಾರು ಹೆಂಗಸರು, ಬಹುಪಾಲು ಬಿಳಿಯರು, ಸೇರಿದರು. ಒಂದು ಜೀವಂತ ಕುರಿಗೆ ಪಟ್ಟಿ ಹಾಕಿ 'ಮಿಸ್ ಅಮೆರಿಕ' ಎಂದು ಮೆರೆಸಿದರು. (ತಾತ ಇದ್ದಿದ್ದರೆ ಆ ಕುರಿಯ ಹಲ್ಲು ನೋಡುತ್ತಿದ್ದ.) 'ಸ್ವಾತಂತ್ರ್ಯದ ಕಸದ ಡಬ್ಬ' ಎಂದು ಹೆಸರಿಟ್ಟ ಡಬ್ಬಕ್ಕೆ ಎತ್ತರದ ಹಿಮ್ಮಡಿಯ ಚಪ್ಪಲಿ, ಸೊಂಟ ಬಿಗಿಯುವ ಪಟ್ಟಿ, ಸುಳ್ಳು ರೆಪ್ಪೆ, ಕೂದಲು ಸುರುಳಿ ಮಾಡುವ ಕೊಳವೆ, ನೆಲ ಒರೆಸುವ ಕೋಲು ಎಲ್ಲವನ್ನೂ ಎಸೆದರು. ಒಳಉಡುಪು ಸುಟ್ಟರು ಎಂದು ಜಗತ್ತೆಲ್ಲ ನಂಬಿದೆ. ಅವತ್ತು ಅಲ್ಲಿ ಯಾರೂ ಏನನ್ನೂ ಸುಡಲಿಲ್ಲ. ಹೋರಾಟಗಾರ್ತಿಯರ ಬಗ್ಗೆ ಹೀಗೆ ಒಂದು ಸುಳ್ಳನ್ನು ಅಂಟಿಸಿಬಿಟ್ಟರೆ ಅವರ ಮಾತು ಕೇಳುವ ಕಷ್ಟ ತಪ್ಪುತ್ತದೆ. ಅವರ ಕರಪತ್ರದಲ್ಲಿ ಹತ್ತು ಆಕ್ಷೇಪಗಳಿದ್ದವು. ಅದರಲ್ಲೊಂದು ವರ್ಣಭೇದದ್ದು. 1921ರಿಂದ ಅಂತಿಮ ಸುತ್ತಿಗೆ ಒಬ್ಬಳು ಕಪ್ಪು ಹುಡುಗಿಯೂ ಬಂದಿಲ್ಲ, ಆ ನೆಲದ ಮೂಲನಿವಾಸಿಯೊಬ್ಬಳು ಗೆದ್ದಿಲ್ಲ ಎಂದು ಬರೆದಿದ್ದರು. ಅಂದರೆ ಈ ಹೆಂಗಸರು ಕಣ್ಣು ಮುಚ್ಚಿಕೊಂಡಿರಲಿಲ್ಲ. ನನ್ನ ಕರಪತ್ರಕ್ಕಿಂತ ಅವರದ್ದು ಮೇಲು ಎಂದು ಒಪ್ಪುತ್ತೇನೆ. ನಾನು ನನ್ನ ತಂಗಿಯನ್ನೇ ಮರೆತಿದ್ದೆ.

ಎರಡನೆಯದು ಅದೇ ಊರಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ. ಫಿಲಡೆಲ್ಫಿಯಾದ ಜೆ. ಮಾರಿಸ್ ಆಂಡರ್ಸನ್ ಎಂಬ ಕಪ್ಪು ವ್ಯಾಪಾರಿಗೆ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದರೆ ಮಿಸ್ ಅಮೆರಿಕ ಆಗುತ್ತೇವೆ ಎನ್ನುತ್ತಿದ್ದರಂತೆ. ಆಗಲಾರಿರಿ ಎಂದು ಯಾವ ಅಪ್ಪ ಹೇಳುತ್ತಾನೆ? ಆತ ಕಪ್ಪು ಜನರ ಸಂಘಟನೆಯವರ ಜೊತೆ ಸೇರಿ 'ಮಿಸ್ ಬ್ಲ್ಯಾಕ್ ಅಮೆರಿಕ' ಎಂಬ ಸ್ಪರ್ಧೆಯನ್ನೇ ಕಟ್ಟಿದ. ಹುಡುಗಿಯರನ್ನು ತೆರೆದ ಕಾರುಗಳಲ್ಲಿ ಕಪ್ಪು ಜನರ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿದ. ಬಿಳಿಯರ ಸ್ಪರ್ಧೆ ಮುಗಿಸಿಕೊಂಡು ಪತ್ರಕರ್ತರು ಬರಲಿ ಎಂದು ಕಾರ್ಯಕ್ರಮವನ್ನು ನಡುರಾತ್ರಿಗೆ ಇಟ್ಟ. ಗೆದ್ದವಳು 19 ವರ್ಷದ ಸಾಂಡ್ರಾ ವಿಲಿಯಮ್ಸ್, ತನ್ನ ಗುಂಗುರು ಕೂದಲನ್ನು ನೇರ ಮಾಡಿಸದೆ ಹಾಗೇ ಬಿಟ್ಟುಕೊಂಡು ಬಂದಿದ್ದವಳು. ಕಾಲೇಜಿದ್ದ ಊರಿನಲ್ಲಿ ವರ್ಣಭೇದದ ವಿರುದ್ಧ ಮೌನ ಮೆರವಣಿಗೆ ಮಾಡಿದ್ದವಳು. ಮಿಸ್ ಅಮೆರಿಕ ನಮ್ಮನ್ನು ಪ್ರತಿನಿಧಿಸುವುದಿಲ್ಲ, ಈ ಬಿರುದಿನಿಂದ ಕಪ್ಪು ಹೆಂಗಸರಿಗೆ ಅವರೂ ಚೆಲುವೆಯರು ಎಂದು ತೋರಿಸುತ್ತೇನೆ ಎಂಬರ್ಥದ ಮಾತನ್ನು ಅವಳು ಪತ್ರಿಕೆಯವರಿಗೆ ಹೇಳಿದಳು.

ನೋಡಿ ಗೆಳೆಯರೆ, ಹಗಲು ಕಡಲದಂಡೆಯಲ್ಲಿ ಕಿರೀಟ ಕಸಕ್ಕೆ ಹೋಗುತ್ತಿದೆ. ರಾತ್ರಿ ಹೋಟೆಲಿನಲ್ಲಿ ಅದೇ ಕಿರೀಟಕ್ಕಾಗಿ ಕಣ್ಣು ಒದ್ದೆಯಾಗುತ್ತಿದೆ. ಯಾರು ಸರಿ? ಹಲಗೆ ಹಾದಿಯ ಮುಂದಾಳುಗಳಲ್ಲೊಬ್ಬಳಾದ ರಾಬಿನ್ ಮಾರ್ಗನ್ ಕಪ್ಪು ಸ್ಪರ್ಧೆಯನ್ನೂ ನಾವು ಒಪ್ಪುವುದಿಲ್ಲ, ಆದರೆ ಅದರ ಹಿಂದಿನ ಪ್ರಶ್ನೆ ನಮಗೆ ಅರ್ಥವಾಗುತ್ತದೆ ಎಂಬಂತೆ ಹೇಳಿದಳು. ಪ್ರಾಮಾಣಿಕ ಮಾತು. ಆದರೂ ಎಸೆಯುವವರ ಕೈಗೆ ಚಪ್ಪಲಿ ಮೊದಲೇ ಬಂದಿತ್ತು ಎಂಬುದು ಆ ಮಾತಿನಲ್ಲಿ ಇಲ್ಲ.

ಬಹಳ ದಿನ ನಾನು ಇದನ್ನು ಮಹಾಡ್‌ಗೆ ಹೋಲಿಸಿ ಸಮಾಧಾನ ಮಾಡಿಕೊಂಡೆ. 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಚವದಾರ್ ಕೆರೆಗೆ ಜನರನ್ನು ಕರೆದೊಯ್ದಾಗ, ಆ ನೀರಿನಲ್ಲಿ ಅಮೃತವಿದೆ ಎಂದು ಯಾರೂ ಹೋಗಲಿಲ್ಲ. ನಾವೂ ಮನುಷ್ಯರು ಎಂದು ಸ್ಥಾಪಿಸಲು ಹೋಗುತ್ತಿದ್ದೇವೆ ಎಂದು ಅವರೇ ಬಿಡಿಸಿ ಹೇಳಿದರು. ಹಾಗೆಯೇ ಸಾಂಡ್ರಾಳಿಗೂ ಕಿರೀಟ ಮುಖ್ಯವಲ್ಲ, ಬಾಗಿಲು ಮುಖ್ಯ ಎಂದುಕೊಂಡೆ. ಹೋಲಿಕೆ ಚೆನ್ನಾಗಿತ್ತು. ಆದರೆ ರಾತ್ರಿ ಮಲಗಿದಾಗ ಅದು ಮುರಿದುಬಿತ್ತು. ಕೆರೆಯ ನೀರನ್ನು ನಾನು ಬೊಗಸೆಯಲ್ಲಿ ಕುಡಿದರೆ ಪಕ್ಕದವನ ಬೊಗಸೆ ಬರಿದಾಗುವುದಿಲ್ಲ. ಎಲ್ಲರೂ ಕುಡಿದಾಗಲೇ ಅದು ಕೆರೆ. ಕಿರೀಟದ ಗುಣ ಬೇರೆ. ಉಳಿದ ಎಲ್ಲರೂ ಸೋತಾಗಲೇ ಅದು ಕಿರೀಟ. ಕೇರಿಯ ಒಬ್ಬ ಹುಡುಗಿಯ ತಲೆಗೆ ಅದು ಬಂದರೆ ಕೇರಿಯ ಉಳಿದ ಹುಡುಗಿಯರಿಗೆ ಮೊದಲಿದ್ದ ಒಬ್ಬ ತೀರ್ಪುಗಾರನ ಜೊತೆ ಇನ್ನೊಬ್ಬ ತೀರ್ಪುಗಾರ ಬಂದಂತೆ. ಇವಳ ಹಾಗೆ ಇಲ್ಲ ನೀನು ಎನ್ನಲು ಹೊರಗಿನವರೇ ಬೇಕೆಂದಿಲ್ಲ.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. 1983ರ ಸೆಪ್ಟೆಂಬರಿನಲ್ಲಿ ವನೆಸ್ಸಾ ವಿಲಿಯಮ್ಸ್ ಮೊದಲ ಕಪ್ಪು ಮಿಸ್ ಅಮೆರಿಕ ಆದಳು. ಬಿಳಿಯರಲ್ಲಿ ಕೆಲವರು ಕೊಲ್ಲುತ್ತೇವೆ ಎಂದು ಕಾಗದ ಬರೆದರು. ಕಪ್ಪು ಜನರಲ್ಲೂ ಕೆಲವರು, ಇವಳ ಮೈಬಣ್ಣ ತಿಳಿ, ಕಣ್ಣು ಬೆಳ್ಳಗಿನವರ ಹಾಗೆ, ಇವಳು ನಮ್ಮ ಪ್ರತಿನಿಧಿಯೇ ಎಂದು ಕೇಳಿದರು. ಬಾಗಿಲು ತೆರೆದದ್ದು ಬಿಳಿಯ ಅಳತೆಗೆ ಹತ್ತಿರವಿದ್ದವಳಿಗೆ ಎಂಬ ಆ ದೂರಿನಲ್ಲಿ ಹುರುಳಿತ್ತು. ಆ ದೂರಿನ ಭಾರ ಮಾತ್ರ 20 ವರ್ಷದ ಒಬ್ಬ ಹುಡುಗಿಯ ತಲೆಯ ಮೇಲೆ ಬಿತ್ತು. ಮರುವರ್ಷ ಜುಲೈನಲ್ಲಿ, ಹಿಂದೆಂದೋ ತೆಗೆಸಿದ್ದ ಅವಳ ಬೆತ್ತಲೆ ಚಿತ್ರಗಳನ್ನು ಅವಳ ಒಪ್ಪಿಗೆಯಿಲ್ಲದೆ ಒಂದು ಪತ್ರಿಕೆ ಅಚ್ಚು ಹಾಕಿತು. ಸ್ಪರ್ಧೆಯ ದೊಡ್ಡವರು 72 ಗಂಟೆಗಳ ಗಡುವು ಕೊಟ್ಟರು. 1984ರ ಜುಲೈ 23ರಂದು ಅವಳು ಕಿರೀಟ ಬಿಟ್ಟುಕೊಟ್ಟಳು. ಹುಡುಗಿಯರಿಗೆ ಈಜುಡುಗೆ ತೊಡಿಸಿ, ದೇಶದ ಮುಂದೆ ನಡೆಸಿ, ಅಂಕ ಹಾಕಿ ಹೊಟ್ಟೆ ಹೊರೆದವರಿಗೆ ಅವತ್ತು ಲಜ್ಜೆ ಹುಟ್ಟಿಬಿಟ್ಟಿತು! ಆ ಚಿತ್ರ ಮಾರಿ ದುಡ್ಡು ಮಾಡಿದವನು ಏನನ್ನೂ ಬಿಟ್ಟುಕೊಡಲಿಲ್ಲ. 2015ರಲ್ಲಿ, 31 ವರ್ಷದ ಮೇಲೆ, ಅದೇ ವೇದಿಕೆಗೆ ಅವಳನ್ನು ಕರೆಸಿ ಸ್ಪರ್ಧೆಯ ಮುಖ್ಯಸ್ಥ ಕ್ಷಮೆ ಕೇಳಿದ. ಅಷ್ಟರಲ್ಲಿ ಅವಳು ಹಾಡಿ, ನಟಿಸಿ, ಆ ಕಿರೀಟದ ಹಂಗಿಲ್ಲದೆ ಹೆಸರು ಮಾಡಿದ್ದಳು.

2013ರ ಸೆಪ್ಟೆಂಬರ್ 15ರಂದು ಗೆದ್ದ ನೀನಾ ದಾವುಲೂರಿಯ ಕಥೆ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ತೆಲುಗು ಮೂಲದ ವೈದ್ಯರ ಮಗಳು, ಅಮೆರಿಕದಲ್ಲೇ ಹುಟ್ಟಿದವಳು. ಗೆದ್ದ ರಾತ್ರಿಯೇ ಅಲ್ಲಿಯ ಕೆಲವರು ಅವಳನ್ನು ಅರಬ್ಬಳು, ಭಯೋತ್ಪಾದಕಿ ಎಂದು ಬೈದರು. ಇಲ್ಲಿ ನಮ್ಮವರು ಹಿಗ್ಗಿದರು, 'ಭಾರತದ ಮಗಳು' ಎಂದರು. ಹಿಗ್ಗಿನ ನಡುವೆಯೇ ಒಂದು ಮಾತು ಎದ್ದಿತು. ಇಷ್ಟು ಕಪ್ಪಗಿರುವ ಹುಡುಗಿ ಭಾರತದ ಸ್ಪರ್ಧೆಯಲ್ಲಿ ಗೆಲ್ಲುತ್ತಿದ್ದಳೇ? ಉತ್ತರ ಎಲ್ಲರಿಗೂ ಗೊತ್ತಿತ್ತು. 1975ರಿಂದ ನಮ್ಮ ಹಳ್ಳಿಯ ಗೂಡಂಗಡಿಯವರೆಗೂ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತು. ಹಾಗೆ ಒತ್ತಾಯಿಸಿದವರಲ್ಲಿ ನೀನಾ ಕೂಡ ಒಬ್ಬಳು. ಅಷ್ಟರಮಟ್ಟಿಗೆ ಅವಳು ತನ್ನ ಕಿರೀಟಕ್ಕೆ ಕೆಲಸ ಕೊಟ್ಟಳು. ನನ್ನ ತಂಗಿಯ ಕೈಚೀಲದಲ್ಲಿ ಆ ಕೊಳವೆ ಈಗಲೂ ಇದೆ, ಹೊಸ ಹೆಸರಿನಲ್ಲಿ.

ಮುಂದಿನದು ಬೇಗ ಹೇಳಬಹುದು. 2018ರಲ್ಲಿ ಮಿಸ್ ಅಮೆರಿಕದವರು ಈಜುಡುಗೆಯ ಸುತ್ತನ್ನೇ ಕೈಬಿಟ್ಟರು. 1968ರ ಹೆಂಗಸರು ಕೇಳಿದ್ದರಲ್ಲಿ ಒಂದು ತುಣುಕು 50 ವರ್ಷದ ಮೇಲೆ ಸಿಕ್ಕಿತು. ಆ ವರ್ಷ ಗೆದ್ದವಳು ನಿಯಾ ಫ್ರಾಂಕ್ಲಿನ್, ಕಪ್ಪು ಹುಡುಗಿ. 2019ರಲ್ಲಿ ಮಿಸ್ ಅಮೆರಿಕ, ಮಿಸ್ ಯುಎಸ್ಎ, ಮಿಸ್ ಟೀನ್ ಯುಎಸ್ಎ ಮೂರೂ ಕಿರೀಟ ಕಪ್ಪು ಹುಡುಗಿಯರ ತಲೆಯ ಮೇಲಿದ್ದವು. ಮರುವರ್ಷ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮಂಡಿಯೂರಿ ಕೊಂದ.

ನಮ್ಮ ನಾಡಿನ ಮಾತೂ ಇದೆ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ನಾನು ಆಗಿನ್ನೂ ಹುಟ್ಟಿರಲಿಲ್ಲ, ಹಿರಿಯ ಗೆಳೆಯರು ಹೇಳಿದ್ದು. ರೈತರು ವಿರೋಧಿಸಿದರು, ಮಹಿಳಾ ಸಂಘಟನೆಗಳು ವಿರೋಧಿಸಿದವು. ಭಾರತೀಯ ನಾರಿಯ ಮಾನ ಹೋಯಿತು ಎನ್ನುವ ಸಂಸ್ಕೃತಿ ರಕ್ಷಕರೂ ಬೀದಿಗಿಳಿದರು. ಈಜುಡುಗೆಯ ಸುತ್ತನ್ನು ಸೇಷೆಲ್ಸ್ ದ್ವೀಪಕ್ಕೆ ಸಾಗಿಸಿದರು. ಹೊರಗಿನಿಂದ ನೋಡಿದರೆ ಎಲ್ಲರದ್ದೂ ಒಂದೇ ಘೋಷಣೆ. ಆದರೆ ಆ ಮೂರನೆಯವರ ಜೊತೆ ನಾನು ಒಂದು ಹೆಜ್ಜೆಯನ್ನೂ ಹಾಕಲಾರೆ. ಮೈ ಮುಚ್ಚುವುದು ಸಂಸ್ಕೃತಿ ಎನ್ನುತ್ತಾರಲ್ಲ, ಪಕ್ಕದ ತಿರುವಾಂಕೂರಿನಲ್ಲಿ ಕೆಳಜಾತಿಯ ಹೆಂಗಸರು ಎದೆ ಮುಚ್ಚಿಕೊಳ್ಳುವುದೇ ಅಪರಾಧವಾಗಿತ್ತು. ನಾಡಾರ್ ಹೆಂಗಸರು ಹತ್ತಾರು ವರ್ಷ ಬಡಿದಾಡಿದ ಮೇಲೆ 1859ರಲ್ಲಿ ರಾಜಾಜ್ಞೆ ಹೊರಟಿತು. ಬಿಚ್ಚು ಎಂದವನೂ ಮುಚ್ಚು ಎಂದವನೂ ಟವಲಿನ ಕೆಳಗೆ ಬೆರಳು ಹಿಡಿದುಕೊಂಡೇ ಇದ್ದಾರೆ.

ಇಷ್ಟೆಲ್ಲ ಓದಿ ಬಂದು ತಂಗಿಗೆ ಹೇಳಿದೆ. ಬೆಸ್ ಕಥೆ ಅವಳಿಗೆ ಬಹಳ ಹಿಡಿಸಿತು. ಕೆರೆ ಮತ್ತು ಕಿರೀಟದ ನನ್ನ ಮಾತಿಗೆ, 'ಅದು ಸರಿ' ಎಂದಳು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಕೇಳಿದಳು: 'ನಿನ್ ಪದ್ಯದಲ್ಲಿ ಬರ್ತಾಳಲ್ಲ ಹುಡ್ಗಿ, ಅವ್ಳು ಯಾವೂರೋಳು? ನಮ್ ಬೀದೀಲಿ ಅಂಥೋಳು ಯಾರೂ ಇಲ್ವಲ್ಲ.'

ಪದ್ಯದ ನೋಟ್‌ಬುಕ್ ತೆಗೆದು ನೋಡಿದೆ. ಪ್ರೀತಿಯ ಪದ್ಯಗಳಲ್ಲೆಲ್ಲ ಬೆಳದಿಂಗಳು, ಮಲ್ಲಿಗೆ, ಕೆನೆ. ಕಪ್ಪು ಮೈ ಬಂದಿಲ್ಲವೇ? ಬಂದಿದೆ, ಹೋರಾಟದ ಪದ್ಯಗಳಲ್ಲಿ. ಅಲ್ಲಿ ಅದು ಬೆವರುತ್ತದೆ, ಹಸಿಯುತ್ತದೆ, ಬರೆ ತಿನ್ನುತ್ತದೆ, ಸಾಯುತ್ತದೆ. ಒಂದು ಸಲವೂ ಯಾರೂ ಅದನ್ನು ಸುಮ್ಮನೆ ಕೂತು ಕಣ್ಣು ತುಂಬ ನೋಡಿಲ್ಲ. ಕೇರಿಯ ಹುಡುಗ ನಾನು, ನನ್ನವ್ವನ ಬಣ್ಣವನ್ನು ನೋವಿಗೆ ಮೀಸಲಿಟ್ಟು ಆಸೆಯನ್ನು ಬೇರೆ ಬೀದಿಗೆ ಕಳಿಸಿದ್ದೆ. ನಮ್ಮ ಬರವಣಿಗೆಯಲ್ಲಿ ಕಲಾತ್ಮಕತೆ ಇಲ್ಲ, ಬರೀ ಘೋಷಣೆ ಎಂದು ಹಿಂದೆ ನವ್ಯದ ಕೆಲವು ವಿಮರ್ಶಕರು ಅಂಕ ಹಾಕಿದಾಗ, ಅಳತೆ ಯಾರದ್ದು ಎಂದು ನಮ್ಮ ಹಿರಿಯರು ಎದೆ ಸೆಟೆಸಿ ಕೇಳಿದ್ದರು. ಆ ಪ್ರಶ್ನೆಯನ್ನು ನಾನು ಭಾಷಣದಲ್ಲಿ ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ಪಟ್ಟಿ ಹಿಡಿದು ಕೂತವರ ಪಕ್ಕದಲ್ಲೇ ನನಗೂ ಒಂದು ಕುರ್ಚಿ ಇತ್ತು, ನೋಡಿಕೊಂಡಿರಲಿಲ್ಲ.

ಹೆಸರು ಕೊಡಲು ನಿನ್ನೆ ಕಡೆಯ ದಿನ. ತಂಗಿ ಕೊಟ್ಟು ಬಂದಿದ್ದಾಳೆ. ಈ ಸಲವೂ ಪ್ರಾರ್ಥನೆ ಹಾಡಮ್ಮ ಅಂದರಂತೆ. 'ಅದನ್ನೂ ಹಾಡ್ತೀನಿ, ಇದಕ್ಕೂ ಬರ್ಕಳಿ ಸಾರ್' ಅಂದಳಂತೆ. ಬರೆದುಕೊಂಡರಂತೆ. ಅವ್ವ ಪೆಟ್ಟಿಗೆಯಿಂದ ತನ್ನ ಮದುವೆಯ ಸೀರೆ ತೆಗೆದು ಬಿಸಿಲಿಗೆ ಹರವಿದ್ದಾಳೆ. ನನ್ನ ಕರಪತ್ರ ಇನ್ನೂ ಚೀಲದಲ್ಲಿದೆ. ಮೊದಲ ಸಾಲನ್ನು ಹೊಡೆದುಹಾಕಿದ್ದೇನೆ, ಅದರ ಜಾಗಕ್ಕೆ ಏನು ಬರೆಯಬೇಕು ಎಂದು ಇನ್ನೂ ಹೊಳೆದಿಲ್ಲ.